ಅಪ್ಪನ ಪಗೋಡ

ಮನೆಯಿಂದ,
ಬುಧವಾರ, ಮಾರ್ಚ್ ೧೪

ಪ್ರೀತಿಯ ಚೂಟಿ,

ಹೇಗಿದ್ದೀಯೇ? ಹಡಗಿನ ಅಡುಗೆಮನೆಯಲ್ಲಿ ಎಣ್ಣೆ ಸಿಡಿದ ಕೈ ವಾಸಿಯಾಯ್ತಾ? ಹೋದ ಕಾಗದದಲ್ಲಿ ನೀನು ‘ಏನೂ ಆಗಿಲ್ಲ’ ಅಂತ ಎರಡು ಸಲ ಬರೆದಿದ್ದೆ. ನೀನು ಎರಡು ಸಲ ಹೇಳಿದೆ ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಮುಲಾಮು ತಪ್ಪಿಸಬೇಡ, ಊಟ ಹೊತ್ತಿಗೆ ಸರಿಯಾಗಿ ಮಾಡು. ಎಲ್ಲರಿಗೂ ಬಡಿಸಿ ತಾನು ನಿಂತುಕೊಂಡೇ ಎರಡು ತುತ್ತು ನುಂಗುವ ಬುದ್ಧಿ ನಿನಗೆ ಅಮ್ಮನಿಂದ ಬಂದದ್ದು. ಇಲ್ಲಿ ನಿಮ್ಮ ಭಾವ ಆರಾಮಾಗಿದ್ದಾರೆ. ನನ್ನ ಮಂಡಿನೋವು ನನ್ನ ಜೊತೆ ಆರಾಮಾಗಿದೆ. ಅಪ್ಪ ಇದ್ದಾರೆ. ಅಷ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ಮುಂದೆ ಓದು, ಯಾಕಂದರೆ ನಿನ್ನೆ ಮಧ್ಯಾಹ್ನ ಆ ಎರಡು ಪದ ಬರೆಯುವ ಭಾಗ್ಯ ನನಗೆ ಉಳಿಯುತ್ತೋ ಇಲ್ಲವೋ ಅನ್ನಿಸಿಬಿಟ್ಟಿತ್ತು.

ನೀನು ಹೋಗಿ ಎಂಟು ತಿಂಗಳಾಯ್ತಲ್ಲ, ಇನ್ನು ಬರೋದು ವರ್ಷದ ಕೊನೆಗೆ. ಅಪ್ಪನ ಮರೆವು ಜಾಸ್ತಿಯಾಗಿದೆ ಅಂತ ನಾನು ಬರೆದಿದ್ದೆ, ಎಷ್ಟು ಅಂತ ಬರೆದಿರಲಿಲ್ಲ. ನಲವತ್ತು ವರ್ಷ ಎತ್ತರದ ಕಟ್ಟಡಗಳಿಗೆಲ್ಲ ಸಾರುವೆ ಕಟ್ಟಿದ ಕೈ, ಕಬ್ಬಿಣದ ಕೊಳವೆಗಳನ್ನು ಕಡ್ಡಿಯ ಹಾಗೆ ಎತ್ತಿ ಜೋಡಿಸಿ ಕೆಲಸದವರು ನಿಲ್ಲುವುದಕ್ಕೆ ಹಲಗೆ ಹಾಸುತ್ತಿದ್ದ ಕೈ, ಈಗ ಅಂಗಿಯ ಗುಂಡಿ ಹಾಕುವುದಕ್ಕೆ ತಡಕಾಡುತ್ತೆ. ಶುಕ್ರವಾರ ಬಸ್ಸಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಕಿಟಕಿಯಿಂದ ಆಚೆ ನೋಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ನನ್ನ ಮೊಣಕೈ ಹಿಡಿದು ‘ಪಗೋಡ ಕಾಲು ಮಡಚ್ತಾ ಇದೆ ಮಗಳೇ’ ಅಂದರು. ನಾನು ‘ಹೌದಪ್ಪಾ’ ಅಂದೆ. ಏನಂದರೂ ಹೌದಪ್ಪಾ ಅನ್ನೋದು ನನಗೆ ಅಭ್ಯಾಸ ಆಗಿಬಿಟ್ಟಿದೆ. ಡಾಕ್ಟರಮ್ಮನ ಎದುರೂ ಅದನ್ನೇ ಹೇಳಿದರು. ಅವರು ತಲೆ ಎತ್ತದೆ ಅದನ್ನೂ ಕಾಯಿಲೆಯ ಲಕ್ಷಣ ಅಂತ ಬರೆದುಕೊಂಡರು. ಆಮೇಲೆ ಮೂರು ದಿನ ಬೇರೆ ಮಾತೇ ಇಲ್ಲ. ಊಟಕ್ಕೆ ಕೂತರೆ ಪಗೋಡ, ಸ್ನಾನಕ್ಕೆ ಹೋದರೆ ಪಗೋಡ. ಸೋಮವಾರ ‘ಯಾರಿಗಾದರೂ ಹೇಳೇ, ಜನ ಹತ್ತುತ್ತಾರೆ’ ಅಂತ ಗದರಿದರು. ನಾನು ಟಿವಿಯ ಸದ್ದು ಜಾಸ್ತಿ ಮಾಡಿದೆ. ಬರೆಯುವುದಕ್ಕೆ ನಾಚಿಕೆ ಆಗುತ್ತೆ ಕಣೇ, ಆದರೆ ಮಾಡಿದ್ದು ಮಾಡಿದ್ದೇ.

ನಿನ್ನೆ ಹನ್ನೆರಡು ಗಂಟೆಗೆ ಕಾಲೇಜಿನ ಲೈಬ್ರರಿಯಲ್ಲಿ ಕೂತು ಹೊಸ ಪುಸ್ತಕಗಳಿಗೆ ನಂಬರ್ ಚೀಟಿ ಅಂಟಿಸುತ್ತಿದ್ದೆ. ಎದುರುಮನೆ ಟೈಲರಮ್ಮನ ಫೋನು. ನಮ್ಮ ಮನೆ ಬಾಗಿಲು ಹಾರು ಹೊಡೆದಿದೆ, ಒಳಗೆ ಅಪ್ಪ ಇಲ್ಲ, ಮೇಜಿನ ಮೇಲೆ ಚೀಟಿ ಇದೆ ಅಂತ. ಓದಿ ಅಂದೆ. ‘ಪಗೋಡಕ್ಕೆ ಹೋಗಿದ್ದೀನಿ. ಎರಡು ಗಂಟೆಯೊಳಗೆ ಆಗಬೇಕು.’ ಅಷ್ಟೇ. ಮನೆಯಿಂದ ಹಾಲಿನ ಅಂಗಡಿಗೆ ಹೋದರೆ ವಾಪಸ್ ದಾರಿ ಗೊತ್ತಾಗದ ಮನುಷ್ಯ.

ಬುದ್ಧಿವಂತಳು ನಾನು ಏನು ಮಾಡಿದೆ ಗೊತ್ತಾ? ನಿಘಂಟು ತೆಗೆದೆ! ಪಗೋಡ ಅಂದರೆ ಅಂತಸ್ತಿನ ಮೇಲೆ ಅಂತಸ್ತು ಏರಿಸಿ ಕಟ್ಟಿದ ಬೌದ್ಧರ ಗುಡಿಯಂತೆ. ಹಳೇ ಕಾಲದ ಚಿನ್ನದ ನಾಣ್ಯವಂತೆ. ತೋಟದಲ್ಲಿ ಅಂದಕ್ಕೆ ಕಟ್ಟುವ ಮಂಟಪವಂತೆ. ಆ ಹೆಸರಿನ ಒಂದು ಮರವೂ ಇದೆಯಂತೆ. ಅಂಥ ಗುಡಿ ನಮ್ಮ ಊರಲ್ಲಿಲ್ಲ. ಆದರೆ ಪಾರ್ಕಿನ ಕೆರೆ ಪಕ್ಕ ಮೂರು ಚಾವಣಿಯ ಮಂಟಪ ಇದೆಯಲ್ಲ, ಅಪ್ಪ ಅಲ್ಲಿಗೆ ಹೋಗಿ ಕೆರೆಗೆ ಇಳಿದರೆ? ನಿಮ್ಮ ಭಾವನಿಗೆ ಫೋನ್ ಮಾಡಿದೆ. ಪಾಪ, ಕನ್ನಡಕದ ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಫ್ರೇಮು ಇಟ್ಟವರು ಹಾಗೇ ಬಿಟ್ಟು ಓಡಿದರು. ಇತ್ತ ನಮ್ಮ ಹಿರಿಯ ಮೇಡಂ ನನ್ನ ಭುಜದ ಮೇಲಿಂದ ನಿಘಂಟಿಗೆ ಇಣುಕಿ, ‘ನಾಣ್ಯ ಅಂತಲೂ ಇದೆಯಲ್ಲ, ನಿಮ್ಮ ತಾಯಿಯ ಒಡವೆ ಎಲ್ಲಿಟ್ಟಿದ್ದೀರಿ? ಯಾರಾದರೂ ಪುಸಲಾಯಿಸಿ ಕರೆದುಕೊಂಡು ಹೋಗಿರಬಹುದು’ ಅಂದರು. ಅದೂ ತಲೆಗೆ ಹೊಕ್ಕಿತು. ಮನೆಗೆ ಓಡಿದೆ.

ಬೀರುವಿನಲ್ಲಿ ಅಮ್ಮನ ಸರ, ಬಳೆ ಎಲ್ಲ ಇಟ್ಟ ಹಾಗೇ ಇದ್ದವು. ಆದರೆ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ದೊಡ್ಡ ಸ್ಪ್ಯಾನರ್ ಇಲ್ಲ, ಸೊಂಟಕ್ಕೆ ಕಟ್ಟುವ ಬೆಲ್ಟೂ ಇಲ್ಲ. ಪಾರ್ಕಿನಿಂದ ನಿಮ್ಮ ಭಾವ ಫೋನ್ ಮಾಡಿ ಮಂಟಪದಲ್ಲಿ ಇಬ್ಬರು ಪ್ರೇಮಿಗಳು ಬಿಟ್ಟರೆ ಯಾರೂ ಇಲ್ಲ ಅಂದರು. ಆಗ ನೆನಪಾದದ್ದು ಏಣಿ ಮಾವ. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದರಲ್ಲ, ನಮ್ಮ ಮನೆಗೆ ಬಂದಾಗಲೆಲ್ಲ ಹಣೆಗೆ ಬಾಗಿಲು ಬಡಿಸಿಕೊಂಡು ನಿನ್ನನ್ನು ನಗಿಸುತ್ತಿದ್ದವರು. ಫೋನಿನಲ್ಲಿ ಪಗೋಡ ಅಂದೆ. ಮೊದಲು ನಕ್ಕರು. ‘ಅಯ್ಯೋ, ಆ ಮಾತು ಕೇಳಿ ಎಷ್ಟು ವರ್ಷ ಆಯ್ತಮ್ಮ! ಗೋಪುರದ ಸುತ್ತ ಕಟ್ಟೋ ಸಾರುವೆ ಅದು. ಕೆಳಗೆ ಅಗಲ, ಮೇಲೆ ಹೋಗ್ತಾ ಸಣ್ಣ. ನಮ್ಮ ಗುಂಪಿನವರೇ ಇಟ್ಟ ಹೆಸರು’ ಅಂದರು. ಆಮೇಲೆ ನಗು ನಿಂತಿತು. ‘ಈಗ ಊರಲ್ಲಿ ಅಂಥದ್ದು ಇರೋದು ಗಡಿಯಾರದ ಗೋಪುರಕ್ಕೆ ಮಾತ್ರ. ಓಡು, ನಾನೂ ಬಂದೆ.’ ಶುಕ್ರವಾರ ನಮ್ಮ ಬಸ್ಸು ಹೋಗಿದ್ದು ಆ ಗೋಪುರದ ಮುಂದೆಯೇ, ಊರಿಗೆಲ್ಲ ಕಾಣುವ ಅದಕ್ಕೆ ಅಪ್ಪ ದಾರಿ ಹುಡುಕಬೇಕಾಗಿಯೂ ಇರಲಿಲ್ಲ. ಕೆಲಸದ ಮಾತನ್ನು ಅಪ್ಪ ಯಾವತ್ತೂ ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರುತ್ತಿದ್ದರು. ನಮಗೆ ಹೇಗೆ ಗೊತ್ತಾಗಬೇಕು ಹೇಳು?

ನಾನು ಆಟೋದಿಂದ ಇಳಿದಾಗ ಒಂದೂವರೆ. ಕೆಲಸದವರು ಊಟಕ್ಕೆ ಕೂತಿದ್ದ ಹೊತ್ತು ನೋಡಿ ಅಪ್ಪ ಹತ್ತಿಬಿಟ್ಟಿದ್ದಾರೆ. ಎಪ್ಪತ್ತೆರಡು ವರ್ಷದ ಮನುಷ್ಯ ಮೂರನೇ ಅಂತಸ್ತಿನಲ್ಲಿ, ಗುಂಡಿ ತಪ್ಪಿ ಹಾಕಿದ ನೀಲಿ ಅಂಗಿಯಲ್ಲಿ, ಕೊಳವೆಗೆ ಕಾಲು ಸುತ್ತಿಕೊಂಡು ಬೋಲ್ಟ್ ಬಿಗಿಯುತ್ತಿದ್ದರು. ಕೆಳಗೆ ಜನ ಸೇರಿ ಮೊಬೈಲ್ ಎತ್ತಿ ಹಿಡಿದಿದ್ದರು. ಸೂಪರ್‌ವೈಸರ್ ಅರಚುತ್ತಿದ್ದ. ಗಟ್ಟಿಮುಟ್ಟಾದ ಇಬ್ಬರು ಕೆಲಸದವರು ಹಗ್ಗ ಹೆಗಲಿಗೆ ಹಾಕಿಕೊಂಡು ಅಪ್ಪನನ್ನು ಎಳೆದು ತರುವುದಕ್ಕೆ ಏಣಿಗೆ ಕಾಲಿಡುತ್ತಿದ್ದರು. ಮೇಲಿಂದ ಅಪ್ಪನ ಕೂಗು: ‘ಯಾರೂ ಹತ್ತಬೇಡ್ರೋ! ಶಾಲೆ ಕಡೆ ಮೂಲೆಯ ಕಾಲು ಕುಸೀತಾ ಇದೆ! ಜನಾನ ದೂರ ಕಳಿಸಿ!’

‘ಅಪ್ಪಾ’ ಅಂದೆ. ಅಪ್ಪ ಬಗ್ಗಿ ನೋಡಿದರು. ನೇರ ನನ್ನ ಮುಖವನ್ನೇ ನೋಡಿದರು ಚೂಟಿ. ‘ಯಾರಮ್ಮಾ ನೀನು? ಅಲ್ಲಿ ನಿಲ್ಲಬೇಡ, ಆಚೆ ಹೋಗು’ ಅಂದರು.

ನನ್ನ ಗುರುತೇ ಸಿಗದ ಮನುಷ್ಯನ ಮಾತನ್ನು ಹೇಗೆ ನಂಬಲಿ? ನಂಬದಿದ್ದರೆ, ಆ ಇಬ್ಬರು ಹತ್ತಿದ ಮೇಲೆ ಏನಾದರೂ ಆದರೆ? ಯೋಚನೆ ಮಾಡಿ ತೀರ್ಮಾನಿಸಿದೆ ಅಂತ ಜಂಬ ಕೊಚ್ಚಿಕೊಳ್ಳೋಲ್ಲ. ಕಾಲುಗಳೇ ಹೋಗಿ ಏಣಿಗೆ ಅಡ್ಡ ನಿಂತವು. ‘ಅವರು ನಮ್ಮಪ್ಪ. ಮರೆವಿನ ಕಾಯಿಲೆ ಇರೋದು ನಿಜ. ಆದರೆ ಆ ಮೂಲೆ ನೋಡೋವರೆಗೆ ಒಬ್ಬರೂ ಹತ್ತಕೂಡದು’ ಅಂದೆ. ಸೂಪರ್‌ವೈಸರ್ ‘ಅವರು ಬಿದ್ದು ಸತ್ತರೆ ನೀವು ಹೊಣೆ ಹೊರ್ತೀರಾ?’ ಅಂದ. ‘ಹೊರ್ತೀನಿ’ ಅಂದೆ. ಎದುರು ಶಾಲೆಯ ಆಯಾ ಗೇಟಿನ ಹತ್ತಿರ ಇದ್ದವರು ನನ್ನ ಮುಖ ನೋಡಿಯೋ ಏನೋ, ಮಕ್ಕಳನ್ನೆಲ್ಲ ಒಳಗೆ ದಬ್ಬಿ ಬಾಗಿಲು ಹಾಕಿ, ಫುಟ್‌ಪಾತಿನವರನ್ನು ಬೈದು ಬೈದು ರಸ್ತೆಯಾಚೆ ಓಡಿಸಿದರು. ಆ ತಾಯಿಯ ಬಾಯಿ ನೂರು ವರ್ಷ ಗಟ್ಟಿಯಾಗಿರಲಿ.

ಅಷ್ಟರಲ್ಲಿ ಏಣಿ ಮಾವ ಬಂದರು. ಯಾರನ್ನೂ ಮಾತಾಡಿಸದೆ ಮೂಲೆಯಲ್ಲಿ ಮಂಡಿಯೂರಿ, ಕೊಳವೆಯ ಬುಡಕ್ಕೆ ಕೊಟ್ಟಿದ್ದ ಇಟ್ಟಿಗೆಗಳ ಕೆಳಗೆ ಕೈ ಹಾಕಿದರು. ಕೈ ಮಣಿಕಟ್ಟಿನವರೆಗೆ ಕೆಸರಲ್ಲಿ ಹೋಯ್ತು. ಒಳಗೆಲ್ಲೋ ನೀರಿನ ಪೈಪು ಒಡೆದು ದಿನಗಟ್ಟಲೆ ಮಣ್ಣು ನೆನೆದಿತ್ತು. ಸಾಲದ್ದಕ್ಕೆ, ಸಾರುವೆಯನ್ನು ಗೋಪುರದ ಗೋಡೆಗೆ ಬಿಗಿದ ಕಟ್ಟುಗಳನ್ನು ಗಾರೆ ಕೆಲಸಕ್ಕೆ ಅಡ್ಡ ಅಂತ ಬಿಚ್ಚಿಹಾಕಿದ್ದರು. ಅಪ್ಪ ಮೇಲೆ ಬಿಗಿಯುತ್ತಿದ್ದದ್ದು ಅವನ್ನೇ. ಏಣಿ ಮಾವ ಎದ್ದು ‘ಎಲ್ಲರೂ ಹಿಂದಕ್ಕೆ!’ ಅನ್ನುವುದಕ್ಕೂ, ಆ ಕಾಲು ಗೇಣುದ್ದ ಕುಸಿಯುವುದಕ್ಕೂ ಸರಿಹೋಯ್ತು. ಇಡೀ ಸಾರುವೆ ನರಳಿದ ಹಾಗೆ ಸದ್ದು ಮಾಡಿ ಶಾಲೆ ಕಡೆ ವಾಲಿತು. ಮೇಲಿಂದ ಎರಡು ಹಲಗೆ ಖಾಲಿ ಫುಟ್‌ಪಾತಿನ ಮೇಲೆ ದಡಾರನೆ ಬಿದ್ದವು. ನಾನು ಕಣ್ಣು ಮುಚ್ಚಿಕೊಂಡೆ.

ತೆಗೆದಾಗ ಸಾರುವೆ ವಾಲಿಕೊಂಡೇ ನಿಂತಿತ್ತು. ಅಪ್ಪ ಬಿಗಿದಿದ್ದ ನಾಲ್ಕು ಕಟ್ಟು ಅದನ್ನು ಹಿಡಿದುಕೊಂಡಿದ್ದವು. ಅಪ್ಪ ಗೋಡೆಗೆ ಕೆನ್ನೆ ಒತ್ತಿಕೊಂಡಿದ್ದರು. ‘ಮೇಸ್ತ್ರೀ, ಗೋಡೆ ಕಡೆಯಿಂದ ಇಳೀರಿ’ ಅಂತ ಏಣಿ ಮಾವ ಕೂಗಿದರೆ, ‘ಗೊತ್ತು ಕಣೋ, ನನಗೇ ಹೇಳಿಕೊಡ್ತೀಯಾ!’ ಅಂತ ಮೇಲಿಂದ ಬೈಗುಳ. ಅಳುತ್ತಿದ್ದ ನನಗೆ ನಗು ಬಂತು. ಒಂದೊಂದೇ ಕೊಳವೆ, ಮೊದಲು ಕೈ, ಆಮೇಲೆ ಕಾಲು. ಎಲ್ಲೂ ತಡಕಾಡಲಿಲ್ಲ. ಒಂದು ಕಡೆ ಮಾತ್ರ ಸುಮ್ಮನೆ ನಿಂತುಬಿಟ್ಟರು. ಎಲ್ಲಿದ್ದೀನಿ ಅನ್ನೋದೇ ಮರೆತುಹೋಯ್ತೇನೋ ಅಂದುಕೊಂಡೆ. ಆಮೇಲೆ ಕೈಯೇ ಮುಂದಿನ ಕೊಳವೆ ಹುಡುಕಿಕೊಂಡಿತು. ನೆಲ ಮುಟ್ಟಿದವರು ನೀರು ಕೇಳಿ ಕುಡಿದು, ನನ್ನ ಕಡೆ ತಿರುಗಿ ‘ಮಗಳೇ, ಊಟ ಆಯ್ತಾ?’ ಅಂದರು. ಅಷ್ಟು ಜನರ ಮುಂದೆ ಅವರ ಅಂಗಿ ಹಿಡಿದುಕೊಂಡು ಗೊಳೋ ಅಂತ ಅತ್ತೆ.

ಗಾರೆಯವರು ಹನ್ನೊಂದು ಜನ ಎರಡು ಗಂಟೆಗೆ ಹತ್ತುವವರಿದ್ದರಂತೆ. ಗೋಪುರದ ಗಾರೆ ಕೆಲಸ ಮಂಗಳವಾರ ಎರಡು ಗಂಟೆಗೆ ಶುರು ಅಂತ ಸೋಮವಾರದ ಪೇಪರಿನಲ್ಲಿ ಬಂದಿತ್ತಂತೆ. ಅಪ್ಪ ಓದಿದ್ದರು, ನಾನು ಓದಿರಲಿಲ್ಲ. ಇವತ್ತು ಬೆಳಿಗ್ಗೆ ಸಾರುವೆ ಬಿಚ್ಚಿಸಿ, ಆ ಸೂಪರ್‌ವೈಸರೇ ಮನೆಗೆ ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡ. ‘ನಿನ್ನೆ ಪಗೋಡದ ಮೇಲೆ ನೀವು ಇಲ್ಲದಿದ್ದರೆ...’ ಅಂತ ಶುರು ಮಾಡಿದ. ಅಪ್ಪ ಮರ್ಯಾದೆಯಿಂದ ಕೇಳಿಸಿಕೊಂಡು, ಅವನು ಹೋದ ಮೇಲೆ ನನ್ನನ್ನು ಮೆಲ್ಲಗೆ ಕೇಳಿದರು: ‘ಯಾವ ಪಗೋಡ?’

ನಾನು ಪಕ್ಕ ಕೂತು ಎಲ್ಲಾ ಹೇಳಿದೆ, ನಿನಗೆ ಹೇಳಿದ ಹಾಗೇ. ‘ಪರವಾಗಿಲ್ವೇ ಆ ಮುದುಕ’ ಅಂದರು.

ಏಣಿ ಮಾವ, ಟೈಲರಮ್ಮ ನಿನ್ನನ್ನು ಕೇಳಿದರು. ನಿಮ್ಮ ಭಾವ, ಸುಟ್ಟ ಕೈಯನ್ನು ಉಪ್ಪು ನೀರಿಗೆ ಅದ್ದಬೇಡ ಅಂತ ಹೇಳು ಅಂದಿದ್ದಾರೆ. ಒಲೆಯ ಮುಂದೆ ಹುಷಾರು ನನ್ನ ಬಂಗಾರ. ಹಡಗು, ಸಮುದ್ರ ಎರಡೂ ನಿನ್ನನ್ನು ನೆಮ್ಮದಿಯಾಗಿ ಇಟ್ಟಿರಲಿ.

ನಿನ್ನ
ಅಕ್ಕ

ತಾ.ಕ.: ಕವರು ಅಂಟಿಸುವಾಗ ಡಾಕ್ಟರಮ್ಮನ ಫೋನು ಬಂತು. ಶುಕ್ರವಾರ ತೆಗೆದ ಸ್ಕ್ಯಾನ್ ಅವರ ಕೈ ಸೇರಿದೆ. ‘ತಂಗಿ ಬರೋದಿದ್ದರೆ ವರ್ಷದ ಕೊನೆ ಅಂತ ಕಾಯೋದು ಬೇಡ’ ಅಂದರು. ಈಗತಾನೇ ಅಪ್ಪನನ್ನು ಕೇಳಿ ನೋಡಿದೆ, ನಿನ್ನ ಹೆಸರು ತಪ್ಪಿಲ್ಲದೆ ಹೇಳಿದರು. ಈ ಕಾಗದ ಯಾವ ಬಂದರಿನಲ್ಲಿ ಸಿಕ್ಕಿತೋ, ಅಲ್ಲೇ ಇಳಿದು ಬಂದುಬಿಡು ಚೂಟಿ.