ಬಂದಾವ, ಬಂದ್ ಆವ

ಸಾಲಗುಂದ, ಸಿಂಧನೂರು ತಾಲ್ಲೂಕು
ಆಗಸ್ಟ್ 17, 2025, ರವಿವಾರ

ಪ್ರೀತಿಯ ಅಕ್ಕಾ,

ಮನೆಯಿಂದ ನಿನ್ನ ತಮ್ಮ ಶಿವಪ್ರಸಾದನ ನಮಸ್ಕಾರ. ನಿನ್ನ ಕಾಲುನೋವು ಹೇಗಿದೆ? ಡ್ಯೂಟಿ ಮುಗಿಯುವವರೆಗೂ ನಿಂತೇ ಇರುತ್ತೀ, ರೂಮಿಗೆ ಬಂದ ಮೇಲಾದರೂ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರು. ಇದು ಅವ್ವನ ಮಾತು. ನರ್ಸಿಗೆ ಔಷಧ ಹೇಳುವಷ್ಟು ದೊಡ್ಡವನು ನಾನಲ್ಲ. ಅವ್ವನ ಕೆಮ್ಮು ಕಡಿಮೆಯಾಗಿದೆ. ದಢೇಸುಗೂರಿನ ಕಡೆ ನಾಟಿ ಶುರುವಾಗಿರುವುದರಿಂದ ಅಪ್ಪ ದಿನವೂ ಅಲ್ಲಿಗೆ ಕೆಲಸಕ್ಕೆ ಹೋಗಿ ಬರುತ್ತಾನೆ. ಬಂದವನೇ ಹುಬ್ಬಳ್ಳಿಯಿಂದ ಫೋನು ಬಂದಿತ್ತೇ ಎಂದು ಕೇಳುತ್ತಾನೆ, ಬಂದಾಗ ಮಾತ್ರ ಮಾತಾಡುವುದಿಲ್ಲ. ಅವನ ಸ್ವಭಾವ ನಿನಗೆ ಗೊತ್ತಲ್ಲ.

ಹೋದ ವಾರ ನೀನು ಹೇಳಿದ ಮಾತು ನನ್ನ ತಲೆಯಲ್ಲೇ ತಿರುಗುತ್ತಿದೆ. ಆಪರೇಷನ್ ಥಿಯೇಟರಿನ ಟ್ರೇನಿಂಗಿಗೆ ಆಸ್ಪತ್ರೆಯವರು ನಿನ್ನ ಹೆಸರು ಆರಿಸಿದ್ದಾರೆ, ಒಂದು ವರ್ಷ ಮೈಸೂರಿನಲ್ಲಿ ಇರಬೇಕು, ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು ಅಂದೆ. ಆಮೇಲೆ ನೀನೇ, ಅದು ಬೇಡ ಅಂದುಬಿಡುತ್ತೇನೆ, ಸಿಂಧನೂರಿನಲ್ಲೇ ಯಾವುದಾದರೂ ದವಾಖಾನೆ ಸೇರುತ್ತೇನೆ ಅಂದೆ. “ನಾ ಅಷ್ಟು ದೂರ ಹೋದ್ರ ನಿನಗ ಓದಿ ಹೇಳಾವ್ರು ಯಾರು, ಬರದು ಕೊಡಾವ್ರು ಯಾರು?” ಎಂದು ಕೇಳಿದೆ. ನಾನು ಫೋನು ಅವ್ವನ ಕೈಗೆ ಕೊಟ್ಟು ಅಂಗಳಕ್ಕೆ ಹೋದೆ. ನಾನು ಸಿಟ್ಟಾದೆ ಎಂದು ನೀನು ಅತ್ತುಬಿಟ್ಟೆಯಂತೆ. ಸಿಟ್ಟಲ್ಲ ಅಕ್ಕಾ. ಹತ್ತನೇ ಪರೀಕ್ಷೆಯ ವರ್ಷ ಕಣ್ಣು ಮಂಜಾಗುತ್ತ ಬಂದಾಗ ಎಲ್ಲ ಪುಸ್ತಕ ಓದಿ ಹೇಳಿ ಪಾಸು ಮಾಡಿಸಿದವಳು ನೀನು. ಪೂರ್ತಿ ಕತ್ತಲಾದ ಮೇಲೂ ನನ್ನ ಕಾಗದ ಪತ್ರವನ್ನೆಲ್ಲ ನೀನೇ ಬರೆದೆ. ಅಂಥವಳಿಗೆ ಫೋನಿನಲ್ಲಿ ಥಟ್ಟನೆ ಏನು ಹೇಳಲಿ? ಅದಕ್ಕೇ ಈ ಪತ್ರ.

ಇದನ್ನು ಯಾರ ಕೈಯಿಂದ ಬರೆಸಿದ ಎಂದು ಯೋಚಿಸಬೇಡ, ಬರೆದವನು ನಾನೇ. ಫೋನಿಗೆ ಬಾಯಲ್ಲಿ ಹೇಳಿದರೆ ಅದು ಬರೆದುಕೊಳ್ಳುತ್ತದೆ. ತಪ್ಪಾದ ಕಡೆ ಗಾಜಿನ ಮೇಲೆ ಬೆರಳಾಡಿಸಿದರೆ ಬೆರಳ ಕೆಳಗಿನ ಅಕ್ಷರವನ್ನು ಕೂಗುತ್ತದೆ, ಬೇಕಾದ ಅಕ್ಷರ ಸಿಕ್ಕಾಗ ಬೆರಳೆತ್ತಿದರೆ ಅದು ಬೀಳುತ್ತದೆ. ಲಿಂಗಸುಗೂರಿನ ಲಾಲ್‌ಸಾಬ್ ಸರ್ ಕಲಿಸಿದ್ದು. ಅವರಿಗೂ ಕಣ್ಣಿಲ್ಲ. ಪ್ರತಿ ಗುರುವಾರ ನಮ್ಮಂಥವರನ್ನು ಸುತ್ತ ಕೂರಿಸಿಕೊಂಡು ಪಾಠ ಮಾಡುತ್ತಾರೆ. ಒಂದೇ ತೊಂದರೆ ಎಂದರೆ ಈ ಫೋನಿಗೆ ನಮ್ಮ ಕಡೆಯ ಮಾತು ತಿಳಿಯುವುದಿಲ್ಲ. ನಾನು “ಹೋಗ್ಯಾಳ” ಅಂದರೆ ಅದು “ಹೋಗು ಯಾಳ” ಎಂದು ಬರೆಯುತ್ತದೆ. ಹೀಗಾಗಿ ಪುಸ್ತಕದ ಕನ್ನಡದಲ್ಲೇ ಹೇಳುತ್ತಿದ್ದೇನೆ, ತಮ್ಮ ಸಾಹೇಬನಾದ ಎಂದು ನಗಬೇಡ. ಜನ ಆಡಿದ ಮಾತನ್ನು ಮಾತ್ರ ಆಡಿದ ಹಾಗೇ ಬರೆಯಬೇಕೆಂದು ಬೆರಳಿನಿಂದ ಒಂದೊಂದೇ ಅಕ್ಷರ ಹಾಕಿದ್ದೇನೆ. ಬಹಳ ಹೊತ್ತು ಹಿಡಿಯುತ್ತದೆ, ನನ್ನ ತಾಳ್ಮೆ ನಿನಗೆ ಗೊತ್ತೇ ಇದೆ.

ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲೂ ಸುಮ್ಮನೆ ಕೂರಲು ನನಗೆ ಆಗುವುದಿಲ್ಲ, ಅಲ್ಲೇ ಅಭ್ಯಾಸ ಮಾಡುತ್ತೇನೆ. ಒಂದು ಸಲ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಫೋನನ್ನು ಬಾಯಿಯ ಹತ್ತಿರ ಹಿಡಿದು “ಇಂದು ಕಾಲುವೆಗೆ ನೀರು ಬಿಡಲಾಗಿದೆ” ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಪಕ್ಕದಲ್ಲಿದ್ದ ಮುದುಕಿ ತನ್ನ ಮಗಳಿಗೆ, “ಪಾಪ, ಭಾಳ ಓದಿ ಹಿಂಗಾಗ್ಯಾನ ನೋಡು” ಅಂದಳು. ಕಂಡಕ್ಟರ್ ಮಂಜೂರಣ್ಣ ನನ್ನನ್ನು ಬಲ್ಲವನು. “ಆಯೀ, ಹತ್ತನೇ ಕ್ಲಾಸ್ ಓದಿದ್ರ ಯಾರಿಗೂ ಹಿಂಗಾಗಂಗಿಲ್ಲ” ಅಂದ. ಇಡೀ ಬಸ್ಸು ನಕ್ಕಿತು, ನಾನೂ ನಕ್ಕೆ.

ಇನ್ನು ನಿನಗೆ ಹೇಳದೇ ಇಟ್ಟುಕೊಂಡಿದ್ದ ಸುದ್ದಿ. ನಮ್ಮ ಕಾಲುವೆಯ ನೀರಿನ ಸಂಘಕ್ಕೆ ಕನಕರಾಯ ಮಾವ ಅಧ್ಯಕ್ಷ. ಯಾರ ಹೊಲಕ್ಕೆ ಯಾವಾಗ ನೀರಿನ ಪಾಳಿ ಎಂದು ಸಭೆಯಲ್ಲಿ ಒಪ್ಪಿಕೊಂಡವರು ಮರುದಿನ ಹಾಗೆ ಹೇಳೇ ಇಲ್ಲ ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ನಾನು ಸಭೆ ಸೇರುವ ಕಟ್ಟೆಯ ತುದಿಯಲ್ಲಿ ಕೂತು, ಕೈ ಪಳಗಲಿ ಎಂದು ಅವರ ಮಾತನ್ನೆಲ್ಲ ಫೋನಿನಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ಒಮ್ಮೆ ಜಗಳ ಜೋರಾದಾಗ ಆ ಟಿಪ್ಪಣಿಯನ್ನು ಫೋನಿನಿಂದಲೇ ಓದಿಸಿದೆ. ಜಗಳ ಅಲ್ಲಿಗೇ ನಿಂತಿತು. ಅಂದಿನಿಂದ ಸಂಘದ ಬರಹದ ಕೆಲಸ ನನ್ನದಾಯಿತು. ಗೇಟು ನೋಡುವ ಆಂಜನೇಯಣ್ಣ ನೀರು ಬಿಟ್ಟ ಕೂಡಲೇ ನನಗೆ ಫೋನು ಮಾಡುತ್ತಾನೆ, ನಾನು ವಾಟ್ಸಾಪ್ ಗುಂಪಿಗೆ ಬರೆದು ಹಾಕುತ್ತೇನೆ. ಧ್ವನಿ ಕಳಿಸಿದರೆ ಆಮೇಲೆ ಹುಡುಕಲು ಸಿಗುವುದಿಲ್ಲ, ಬರಹವೇ ಬೇಕು ಎಂದು ಮಾವನ ಹಟ. ಕಣ್ಣು ಹೋದ ಮೇಲೆ ಊರಿನ ಜನ ನನ್ನಿಂದ ಒಂದು ಸುದ್ದಿಗಾಗಿ ಕಾದದ್ದು ಅದೇ ಮೊದಲು. ಆ ಖುಷಿಯನ್ನು ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ.

ಶ್ರಾವಣದ ಮೊದಲ ಪಾಳಿಯ ದಿನ ಅದೇ ಖುಷಿ ನನ್ನನ್ನು ಕೆಡಿಸಿತು. ಆಂಜನೇಯಣ್ಣನ ಫೋನು ಬಂದ ಕೂಡಲೇ ಪುಸ್ತಕದ ಕನ್ನಡ ಮರೆತು, ನಮ್ಮ ಬಾಯಲ್ಲೇ “ನೀರು ಬಂದಾವ” ಅಂದುಬಿಟ್ಟೆ. ಫೋನು ತಿರುಗಿ ಓದಿ ಹೇಳಿತು, ಕಿವಿಗೆ ಸರಿಯಾಗಿಯೇ ಕೇಳಿಸಿತು. ಕಳಿಸಿ, ಅದೇ ಹುರುಪಿನಲ್ಲಿ ಬಸ್ಸು ಹತ್ತಿ ಸಿಂಧನೂರಿಗೆ ಹೋದೆ. ಆ ದಿನ ಮೊದಲ ಪಾಳಿ ಹಾಜಿರಾಬೀ ಚಾಚಿಯದು. ಗಂಡ ತೀರಿದ ಮೇಲೆ ಆ ಹೊಲವನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ. ಓದು ಬರುವುದಿಲ್ಲ, ಸೊಸೆ ಓದಿ ಹೇಳುತ್ತಾಳೆ. ಸೊಸೆ ನನ್ನ ಸಂದೇಶ ಓದಿ, ಇವತ್ತು ನೀರಿಲ್ಲವಂತೆ ಅಂದಳಂತೆ. ಉಳಿದವರೂ ಹಾಗೇ ಓದಿ ಮನೆಯಲ್ಲಿ ಉಳಿದರು. ನೀರು ಬಂದು, ಯಾರೂ ತಿರುಗಿಸಿಕೊಳ್ಳದೆ ಸುಮ್ಮನೆ ಹಳ್ಳಕ್ಕೆ ಹೋಯಿತು. ಚಾಚಿಯ ಭತ್ತದ ಸಸಿ ಬಿಸಿಲಿಗೆ ಬಾಡಿದವು.

ಮರುದಿನ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ನಾನು ಸರಿಯಾಗಿಯೇ ಬರೆದಿದ್ದೇನೆ ಎಂದು ವಾದ ಹಾಕಿ, ಅದೇ ಸಂದೇಶವನ್ನು ಫೋನಿನಿಂದ ಓದಿಸಿದೆ. “ನೀರು ಬಂದಾವ” ಎಂದು ಎಲ್ಲರ ಕಿವಿಗೂ ಕೇಳಿಸಿತು. ಕನಕರಾಯ ಮಾವ ತನ್ನ ಫೋನು ತೆಗೆದು ನೋಡಿದ, ಅದರಲ್ಲಿ ತಪ್ಪಿದೆ ಅಂದ. ಕಿವಿಗೆ ಒಂದು, ಕಣ್ಣಿಗೆ ಇನ್ನೊಂದು. ಲಾಲ್‌ಸಾಬ್ ಸರ್ ಹೇಳಿಕೊಟ್ಟಂತೆ ಬೆರಳನ್ನು ಮೆಲ್ಲಗೆ ಎಳೆಯುತ್ತ ಒಂದೊಂದೇ ಅಕ್ಷರ ಕೇಳುತ್ತ ಹೋದೆ. ದಕಾರ ಆಯಿತು, ಅದರ ಅರ್ಧದ ಗುರುತು ಆಯಿತು, ಆಮೇಲೆ ಫೋನು “ಸ್ಪೇಸ್” ಎಂದಿತು. ಆಗ ತಿಳಿಯಿತು. ನಾನು ಹೇಳಿದ್ದು “ಬಂದಾವ”, ಬಂದಿವೆ ಎಂದು. ಅದು ಬರೆದದ್ದು “ಬಂದ್ ಆವ”, ನಿಂತುಹೋಗಿವೆ ಎಂದು. ನಡುವೆ ಒಂದು ಖಾಲಿ ಜಾಗ, ಅಷ್ಟೇ. ಬಂದ ನೀರು ಬಂದ್ ಆಗಿಹೋಗಿದ್ದವು. ನಾನು ಫೋನಿನ ಮಾತನ್ನು ಬಹಳ ಓಡಿಸಿ ಕೇಳುತ್ತೇನೆ, ಆ ಓಟದಲ್ಲಿ ಖಾಲಿ ಜಾಗ ಹೇಗೆ ಕೇಳಿಸೀತು?

ಮಾವ ಸಿಟ್ಟು ಮಾಡಲಿಲ್ಲ, ಅದೇ ನನಗೆ ಕಷ್ಟವಾಯಿತು. ನನ್ನ ಹೆಗಲ ಮೇಲೆ ಕೈ ಇಟ್ಟು, “ನಿನ್ನ ತಪ್ಪಲ್ಲೋ ತಮ್ಮಾ. ಆದ್ರ ಇದಕ್ಕ ಕಣ್ಣಿದ್ದಾವ್ರು ಬೇಕು” ಅಂದ. ಎರಡು ಮೂರು ಜನ ಹೌದು ಹೌದು ಅಂದರು. ಅಕ್ಕಾ, ಆ ಹೊತ್ತು ನಿನ್ನದೇ ನೆನಪಾಯಿತು. ಅಕ್ಕ ಇದ್ದಿದ್ದರೆ ಒಮ್ಮೆ ನೋಡಿ ಕಳಿಸುತ್ತಿದ್ದಳು ಅನ್ನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಮನೆಗೆ ಹೋಗೋಣ ಎಂದು ಎದ್ದೆ. ಆಗ ಹಾಜಿರಾಬೀ ಚಾಚಿ ಕೂತಲ್ಲಿಂದಲೇ ಬಾಯಿ ತೆಗೆದಳು. “ಅವನಿಗೆ ಕಾಣಂಗಿಲ್ಲ, ಖರೇ. ನಿಮಗ ಕಾಣ್ತೈತಲ್ಲ? ನೀವು ಒಬ್ರರ ಕಾಲುವಿ ತನಕ ಹೋಗಿ ನೋಡಿದ್ರೇನು? ನಾನೂ ಹೋಗ್ಲಿಲ್ಲ ಬಿಡು.”

ಸಸಿ ಬಾಡಿದ್ದು ಅವಳವೇ, ಆದರೂ ಹೀಗೆ ಅಂದವಳು ಅವಳೊಬ್ಬಳೇ. ಆಮೇಲೆ ನನ್ನ ಕಡೆ ತಿರುಗಿ, “ನಿನಗೂ ಹೇಳ್ತೀನಿ ಲೇ ಶಿವಾ, ಇನ್ನ ಮ್ಯಾಲ ಅವಸರ ಮಾಡಿದ್ರ ಆ ಫೋನ್ ಹಳ್ಳಕ್ಕ ಒಗೀತೀನಿ” ಅಂದಳು. ಆ ಬೈಗುಳ ಕೇಳಿ ನಾನು ಮತ್ತೆ ಕೂತೆ. ಬಹಳ ಮಾತಾದ ಮೇಲೆ ಹೀಗೆ ತೀರ್ಮಾನವಾಯಿತು. ಬರಹ ನನ್ನದೇ. ಕಳಿಸುವ ಮೊದಲು ಅಕ್ಷರ ಅಕ್ಷರ ಕೇಳಬೇಕು, ಮತ್ತು ಪುಸ್ತಕದ ಕನ್ನಡದಲ್ಲೇ ಬರೆಯಬೇಕು. ಮಾವ ತನ್ನ ಪಾಳಿಯಲ್ಲಿ ಅರ್ಧ ನೀರನ್ನು ಚಾಚಿಗೆ ಬಿಟ್ಟುಕೊಟ್ಟ. ಸುಮಾರು ಸಸಿ ಚೇತರಿಸಿಕೊಂಡಿವೆ, ಕಡಿಮೆ ಬಿದ್ದವನ್ನು ನೆರೆಹೊಲದವರು ಕೊಡುತ್ತೇವೆ ಅಂದಿದ್ದಾರೆ. ಮೊನ್ನೆಯ ಪಾಳಿಗೆ “ಆತ್ಮೀಯ ರೈತ ಬಾಂಧವರೇ, ನೀರು ಬಂದಿದೆ” ಎಂದು ಕಳಿಸಿದೆ. ಎಲ್ಲರೂ ಸಮಯಕ್ಕೆ ಹೊಲದಲ್ಲಿದ್ದರು. ಈಗ ನಾನು ಎದುರಾದರೆ, ವಾರ್ತೆ ಏನಪ್ಪಾ ಎಂದು ಕೇಳುತ್ತಾರೆ. ಅಪ್ಪನಿಗೆ ಊರಲ್ಲಿ ವಾರ್ತೆಯವನ ಅಪ್ಪ ಎಂದು ಹೆಸರಾಗಿದೆ. ಅವನು ಅದಕ್ಕೂ ಏನೂ ಅನ್ನುವುದಿಲ್ಲ, ಆದರೆ ರಾತ್ರಿ ಊಟಕ್ಕೆ ಕೂತಾಗ ಒಮ್ಮೆ ಒಬ್ಬನೇ ನಕ್ಕದ್ದು ನನಗೆ ಕೇಳಿಸಿತು.

ಪತ್ರ ಉದ್ದವಾಯಿತು. ನಾಳೆ ಸಿಂಧನೂರಿನಲ್ಲಿ ಚಾಂದ್‌ಪಾಷಾನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಂಚೆಗೆ ಹಾಕುತ್ತೇನೆ. ಫೋನಿಗೇ ಕಳಿಸಿದರೆ ಡ್ಯೂಟಿಯ ನಡುವೆ ಅರ್ಧ ಓದಿ ಬಿಡುತ್ತೀ. ಓದಬೇಡ ಎಂದು ಚಾಂದ್‌ಪಾಷಾನಿಗೆ ಹೇಳುತ್ತೇನೆ, ಅವನು ಓದೇ ಓದುತ್ತಾನೆ. ಅವ್ವ ನಿನಗೆ ಶೇಂಗಾ ಚಟ್ನಿ ಕುಟ್ಟಿ ಇಟ್ಟಿದ್ದಾಳೆ, ಹುಬ್ಬಳ್ಳಿ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತಾಳೆ. ಅಪ್ಪ ಅವ್ವನ ಆಶೀರ್ವಾದ, ನಿನ್ನ ರೂಮಿನ ಗೆಳತಿಯರಿಗೆ ನನ್ನ ನಮಸ್ಕಾರ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಮ್ಮ,
ಶಿವಪ್ರಸಾದ

ತಾ.ಕ.: ಅಕ್ಕಾ, ಅಂಗಡಿಯಾಗ ನಿಂತೀನಿ. ಕರೆಂಟ್ ಹೋಗೂದ್ರಾಗ ಪ್ರಿಂಟ್ ತಗೀಬೇಕಂತ ಚಾಂದ್‌ಪಾಷಾ ಗಡಬಡಿ ಮಾಡಾಕತ್ತಾನ. ಬಾಯಿಲೆ ಹೇಳಿದ್ರ ಎಲ್ಲಾರೂ ಕೇಳ್ತಾರ, ಅದಕ್ಕ ಬೆರಳಿಲೇ ಹಾಕಾಕತ್ತೀನಿ, ನಮ್ಮ ಮಾತಿನಾಗ. ನೀ ಮೈಸೂರಿಗೆ ಹೂಂ ಅನ್ನು. ನನ್ನ ಸಲುವಾಗಿ ಸಿಂಧನೂರಿಗೆ ಬರಬ್ಯಾಡ. ಮತ್ತ ತಪ್ಪು ಮಾಡ್ತೀನಿ, ಮತ್ತ ಬೈಸ್ಕೊಂತೀನಿ, ಅದನ್ನ ನಾನ ನೋಡ್ಕೊಂತೀನಿ. ನೀ ನನಗ ಬೇಕು, ಆದ್ರ ಓದಿ ಹೇಳಾಕಲ್ಲ. ದೀಪಾವಳಿಗೆ ಬಾ, ಜಗಳಾಡಾಕ ಮನ್ಯಾಗ ಯಾರೂ ಇಲ್ಲ.