ಎಡೆಯ ಪಕ್ಕ ಸಿಗರೇಟು

ಅಣ್ಣಾ,

ಮೊನ್ನೆ ನಿನ್ನ ಎರಡನೇ ವರ್ಷದ ಶ್ರಾದ್ಧವಾಯಿತು. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅರ್ಧ ನಿನ್ನ ಮೇಲೆ, ಅರ್ಧ ಉಳಿದವರ ಮೇಲೆ.

ನಮ್ಮ ಮನೆಯಲ್ಲಿ ಸೇದುವುದು ತಪ್ಪಾಗಿರಲೇ ಇಲ್ಲ, ನೆನಪಿದೆಯಾ? ಹಿರಿಯರೆದುರು ಸೇದುವುದಷ್ಟೇ ತಪ್ಪು. ತಾರ್ನಾಕದ ತಿರುವಿನಲ್ಲಿ ಅಪ್ಪನ ಸ್ಕೂಟರಿನ ಸದ್ದು ಕೇಳಿದೊಡನೆ ನಿನ್ನ ಸಿಗರೇಟು ಗೋಡೆಯಾಚೆ ಬೀಳುತ್ತಿತ್ತು. ಅಪ್ಪನೂ ಬೇಕೆಂದೇ ಗೇಟಿನ ಬಳಿ ಕೆಮ್ಮಿ ಒಳಗೆ ಬರುತ್ತಿದ್ದರು. "ನನ್ನ ಮಗಾ ಭಾಳ ಮರ್ಯಾದಸ್ಥ. ನನ್ನ ಮುಂದ ಒಂದಿನಾನೂ ಸೇದಿಲ್ರಿ" ಎಂದು ಬಂದವರಿಗೆಲ್ಲ ಹೇಳುವರು, ಬೆರಳ ಸಂದಿಯಲ್ಲಿ ತಮ್ಮದನ್ನು ಹಿಡಿದುಕೊಂಡೇ! ಇಂಥ ಮರ್ಯಾದೆಗೆ ಏನೆನ್ನಬೇಕು?

ಮಗ ಗಿರೀಶ ಹುಟ್ಟಿದಾಗ ನೀನು ಬಿಟ್ಟಿದ್ದೆ. ಆಗ ಸುಲ್ತಾನ್ ಬಜಾರಿನ ಇರಾನಿ ಹೋಟೆಲಿನಲ್ಲಿ ನಿನ್ನ ಕಚೇರಿಯ ಗೆಳೆಯ ವಸಂತರಾವ್, "ಏನಪಾ, ಹೆಂಡ್ತಿಗೆ ಅಂಜತೀಯೇನು?" ಅಂದರು. ಎಲ್ಲರೂ ನಕ್ಕರು. ನೀನೂ ನಕ್ಕು ಸಿಗರೇಟಿಗೆ ಕೈಚಾಚಿದೆ. ಪಕ್ಕದಲ್ಲೇ ನಿನ್ನ ಹೆಂಡತಿ, ನಮ್ಮ ವೈನಿ, ಚಹಾದ ಕಪ್ಪನ್ನೇ ನೋಡುತ್ತ ಕೂತಿದ್ದರು. ಅಷ್ಟೊಂದು ಓದಿಕೊಂಡವನು ನೀನು, ಒಂದು ನಗೆಗೆ ಹೆದರಿ...

ಹೋದ ವರ್ಷ ಮಾಳಿಗೆಯ ಮೇಲೆ ಎಡೆಯಿಟ್ಟು ಕಾದೆವು. ಕಾಗೆ ಬರಲಿಲ್ಲ. ವಸಂತರಾವ್ ಕಿಸೆಯಿಂದ ಸಿಗರೇಟು ತೆಗೆದು ಎಲೆಯ ಪಕ್ಕ ಇಟ್ಟರು. "ಇದಿಲ್ಲದ ಅವಗ ಊಟ ಇಳೀತಿರಲಿಲ್ರಿ." ಕಾಗೆ ಬಂದೇಬಿಟ್ಟಿತು! ಎಲ್ಲರಿಗೂ ಅಳು, ನಗು ಒಟ್ಟಿಗೇ. ನಿನ್ನ ಉಸಿರು ತಿಂದದ್ದೇ ನಿನಗೆ ನೈವೇದ್ಯವೇ? ಅಷ್ಟಕ್ಕೇ ಮುಗಿಯಲಿಲ್ಲ. ಅದನ್ನೇ ಗಿರೀಶನ ಕೈಗಿಟ್ಟು, "ತಗೋ, ಅಪ್ಪನ ಪ್ರಸಾದ" ಅಂದರು. ನೀನು ಆಸ್ಪತ್ರೆ ಸೇರಿದಾಗ ಸೇದುವುದನ್ನು ಬಿಟ್ಟಿದ್ದ ಗಿರೀಶ ಅಂದು ಮತ್ತೆ ಹಚ್ಚಿದ. ಬೇಡವೆಂದರೆ ಅಪ್ಪನನ್ನೇ ಬೇಡವೆಂದಂತೆ ಆಗುವುದಿಲ್ಲವೇ? ಆಮೇಲೆ ಮಾದಾಪುರದ ಅವನ ಆಫೀಸಿನ ಕೆಳಗೆ ಸೇದುವ ಜೊತೆಗಾರರಿಗೇನು ಬರವೇ?

ಮೊನ್ನೆ ಮಾಳಿಗೆಯ ಮೇಲೆ ಎಡೆಯಿಟ್ಟಾಗ ವಸಂತರಾವ್ ಮತ್ತೆ ಕಿಸೆಗೆ ಕೈಹಾಕಿದರು. ಗಿರೀಶ ಆ ಕೈ ಹಿಡಿದುಕೊಂಡ.

"ಬ್ಯಾಡ್ರಿ ಕಾಕಾ. ನಾ ಬಿಟ್ಟೀನಿ."

"ಯಾಕಪಾ, ಹೆಂಡ್ತಿಗೆ ಅಂಜತೀಯೇನು?"

ಅದೇ ಮಾತು, ಅಣ್ಣಾ, ಅದೇ ನಗೆ! ಪಾಯಸದ ಪಾತ್ರೆ ಹಿಡಿದಿದ್ದ ವೈನಿ ಬಾಗಿಲಲ್ಲೇ ನಿಂತುಬಿಟ್ಟರು.

"ಹೌದ್ರಿ, ಅಂಜತೀನಿ," ಅಂದ ನಿನ್ನ ಮಗ. "'ಅತ್ತಿ ಹಂಗ ಗಂಡ ಇಲ್ದ ಒಬ್ಬಾಕೀನ ಕೂಡೂದು ನನ್ನ ಕಡಿಂದ ಆಗಂಗಿಲ್ಲ' ಅಂದಾಳ ನನ್ನ ಹೆಂಡ್ತಿ."

ಈ ಸಲ ಯಾರೂ ನಗಲಿಲ್ಲ. ವಸಂತರಾವ್ ವೈನಿಯ ಮುಖ ನೋಡಲಾರದೆ ಸಿಗರೇಟಿನ ಪಾಕೀಟನ್ನು ಮತ್ತೆ ಕಿಸೆಗಿಳಿಸಿದರು. ನಾವು ಎಡೆಯತ್ತ ತಿರುಗಿದಾಗ ವಡೆ ಮಾಯವಾಗಿತ್ತು.

ಕಾಗೆ ಸಿಗರೇಟಿಗೆ ಕಾದಿರಲೇ ಇಲ್ಲ.

ನಿನ್ನ ತಂಗಿ,
ಸುಧಾ