ಆರು ಸೆಂಟಿಮೀಟರ್ ಕೆಂಪು

ಮಾರ್ಚ್ ೧೪, ಗುರುವಾರ

ಆ ಕೆಂಪು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಉಪಗ್ರಹದ ಚಿತ್ರಗಳ ಪ್ರಕಾರ ಜ್ವಾಲಾಮುಖಿಯ ಕುಳಿಯ ನೆಲ ಒಂದೇ ತಿಂಗಳಲ್ಲಿ ಆರು ಸೆಂಟಿಮೀಟರ್ ಉಬ್ಬಿದೆ. ಉಬ್ಬಿದ ಜಾಗಕ್ಕೆ ನಕ್ಷೆಯಲ್ಲಿ ಕೆಂಪು ಹಚ್ಚಿದ್ದೆ.

“ಕೆಂಪು ಬೇಡಮ್ಮಾ, ಕುಳಿಯೊಳಗಿನ ಊರಿನವ್ರು ಹೆದರ್ತಾರೆ. ಹಸಿರು ಹಾಕ್ಬಿಡು,” ಎಂದರು ಇವತ್ತಿನ ಸಭೆಯಲ್ಲಿ ನಮ್ಮ ಸಂಸ್ಥೆಯ ನಿರ್ದೇಶಕರು. “ಅಷ್ಟಕ್ಕೂ ನೀನು ಆ ಬೆಟ್ಟ ಹತ್ತಿದ್ದೀಯಾ?”

“ಹೊಟ್ಟೇಲಿರೋ ಮಗುನ ಸ್ಕ್ಯಾನ್ ಮಾಡೋ ಡಾಕ್ಟ್ರು ಒಳಗೆ ಇಳೀತಾರಾ ಸಾರ್?” ಎಂದೆ. ಯಾರೂ ನಗಲಿಲ್ಲ.

ಹತ್ತಿಲ್ಲ, ನಿಜ. ಆದರೆ ಒಂಬತ್ತು ವರ್ಷದಿಂದ ಹನ್ನೆರಡು ದಿನಕ್ಕೊಮ್ಮೆ, ಉಪಗ್ರಹ ಅದರ ಮೇಲೆ ಹಾದಾಗಲೆಲ್ಲ, ಅದರ ಮುಖ ನೋಡುತ್ತಿದ್ದೇನೆ. ಒಡಹುಟ್ಟಿದ ತಂಗಿಯ ಮುಖವನ್ನೂ ಇಷ್ಟು ನೋಡಿಲ್ಲ.

ಸಂಜೆ ನಕ್ಷೆಯನ್ನು ಕೆಂಪಾಗಿಯೇ ಆ ಊರಿನ ಶಾಲೆಯ ಹೆಡ್‌ಮೇಡಂಗೆ ಕಳಿಸಿಬಿಟ್ಟೆ. ಕೆಲಸ ಹೋದರೆ ಹೋಗಲಿ. ಹಸಿರೇ ಬೇಕಿದ್ದರೆ ನಿರ್ದೇಶಕರು ತಾವೇ ಹೋಗಿ ಅಲ್ಲಿ ಹುಲ್ಲು ಬೆಳೆಸಲಿ. ಬರಿಗಾಲಲ್ಲಿ ಮಾತ್ರ ಬೇಡ, ನೆಲ ಸುಟ್ಟೀತು.